ಗಂಡು ಅಂದುಕೊಂಡಿದ್ದ ಗೊರಿಲ್ಲಾ ಮರಿ ಹಾಕಿತಂತೆ! ಇವಕ್ಕೆ ಬಾಣಂತನ ಹೇಳಿಕೊಡೋರು ಯಾರು?

ಓಹಾಯೋದ ಹಾಸನದವ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಕೊಲಂಬಸ್‌ನಲ್ಲಿ. ಎರಡು ತಿಂಗಳ ಹಿಂದೆ ಮಗಳು ಹುಟ್ಟಿದಳು. ಅತ್ತೆಯವರಿಗೆ ವೀಸಾ ಸಿಗಲಿಲ್ಲ, ಹಾಗಾಗಿ ಬಾಣಂತನಕ್ಕೆ ನಮ್ಮ ಅಮ್ಮನೇ ಹಾಸನದಿಂದ ಬಂದಿದ್ದಾರೆ. ಮನೆಯೊಳಗೇ ಕೂತು ಬೇಜಾರು ಅಂದರು. ಕಳೆದ ಭಾನುವಾರ ಎಲ್ಲರೂ ಇಲ್ಲಿನ ಜೂಗೆ ಹೋದೆವು.

ಬೇರೆ ಯಾವ ಪ್ರಾಣಿ ಮುಂದೆಯೂ ಅಮ್ಮ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೊರಿಲ್ಲಾ ಹತ್ತಿರ ಮಾತ್ರ ಮುಕ್ಕಾಲು ಗಂಟೆ. ಗಾಜಿನ ಆ ಕಡೆ ಒಂದು ತಾಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿತ್ತು. ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತ ಬಾಣಂತಿ ಥರಾನೇ. ಎದೆ ಮೇಲೆ ಮರಿ. ಒಂದು ಕೈಯಲ್ಲಿ ಏನೋ ಸೊಪ್ಪು ಹಿಡಿದು ಮೆಲ್ಲುತ್ತಾ, ಇನ್ನೊಂದು ಕೈಯನ್ನು ಮರಿಯ ಕತ್ತಿನ ಕೆಳಗೆ ಕೊಟ್ಟಿತ್ತು. ಅಮ್ಮ ನನ್ನನ್ನು ಮೊಣಕೈಯಲ್ಲಿ ತಿವಿದು, "ನೋಡೋ, ಕತ್ತಿಗೆ ಕೈ ಕೊಟ್ಟಿದ್ದಾಳೆ. ನಿಂಗೆ ಎರಡು ತಿಂಗಳಿಂದ ಹೇಳ್ತಿದೀನಿ" ಅಂದರು. ನನ್ನ ಹೆಂಡತಿ ನಕ್ಕಿದ್ದು ಇನ್ನೂ ನಿಂತಿಲ್ಲ.

ಬೋರ್ಡ್ ಓದುವಷ್ಟರಲ್ಲಿ ಜನ ತಳ್ಳಿದರು, ತಾಯಿಯ ಹೆಸರು ನೋಡಲಾಗಲಿಲ್ಲ. ಅಲ್ಲಿದ್ದ ಒಬ್ಬರು ಇದೇ ಜೂನ ಸಲ್ಲಿ ಅನ್ನೋ ಗೊರಿಲ್ಲಾ ಕಥೆ ಹೇಳಿದರು. 2019ರಲ್ಲಿ ತಾಯಿ ಜೊತೆ ಇಲ್ಲಿಗೆ ಬಂದಿದ್ದು. ಗಂಡು ಅಂತಲೇ ಎಲ್ಲರೂ ತಿಳಿದಿದ್ದರಂತೆ. 2023ರ ಜುಲೈ 20ರ ಬೆಳಿಗ್ಗೆ ಕೀಪರ್‌ಗಳು ಬಂದು ನೋಡಿದರೆ ಅದರ ತೋಳಲ್ಲಿ ಕೂಸು!

ನನ್ನ ಪ್ರಶ್ನೆ, ದಿನಾ ಜೊತೆಗಿರೋರಿಗೂ ಗೊತ್ತಾಗಲಿಲ್ಲ ಅಂದರೆ ಹೇಗೆ? ಅಮ್ಮನ ಪ್ರಶ್ನೆ ಬೇರೆ. "ಕಾಡಲ್ಲಾದ್ರೆ ಸರಿ, ಅಲ್ಲಿ ಅಕ್ಕ ತಂಗೀರು ಇರ್ತಾರೆ. ಬೋನಲ್ಲಿ ಬೆಳೆದೋಳಿಗೆ ಮಗು ಹಿಡಿಯೋದು ಹೇಳಿಕೊಟ್ಟೋರು ಯಾರು?"

ತಲೆಹರಟೆ

ನಮ್ಮ ಮನೆ ಬೆಕ್ಕು ರಾಜನೂ ಹೋದ ವರ್ಷ ಐದು ಮರಿ ಹಾಕಿತು ಗುರೂ. ಈಗ ರಾಜಮ್ಮ.

ತಿಪಟೂರು ಪಶುವೈದ್ಯ

ನಾನು ಹಸು ಎಮ್ಮೆ ಡಾಕ್ಟರು, ಗೊರಿಲ್ಲಾ ಮುಟ್ಟಿದವನಲ್ಲ. ಆದರೂ ಓದಿದ್ದನ್ನು ಹೇಳುತ್ತೇನೆ.

ಎಂಟು ವರ್ಷದ ತನಕ ಗಂಡು ಹೆಣ್ಣು ಗೊರಿಲ್ಲಾ ಗಾತ್ರದಲ್ಲಿ ಹೆಚ್ಚುಕಮ್ಮಿ ಒಂದೇ. ಗಂಡಿನ ಅಂಗವೂ ಎದ್ದು ಕಾಣುವುದಿಲ್ಲ, ಅಷ್ಟು ಚಿಕ್ಕದು, ಮೇಲೆ ದಟ್ಟ ಕೂದಲು. ಬೆನ್ನು ಬೆಳ್ಳಗಾಗೋದು, ತಲೆ ಮೇಲೆ ಗುಬುಟು ಬರೋದು ಎಲ್ಲ ಆಮೇಲೆ, ಹನ್ನೆರಡು ದಾಟಿದ ಮೇಲೆ. ಸಲ್ಲಿಗೆ ಆಗ ಎಂಟು. ಆರೋಗ್ಯವಾಗಿದ್ದರಿಂದ ಅರಿವಳಿಕೆ ಕೊಟ್ಟು ಮಲಗಿಸಿ ಪರೀಕ್ಷೆ ಮಾಡುವ ಪ್ರಮೇಯವೇ ಬಂದಿರಲಿಲ್ಲ. ಸುಮ್ನೆ ನೋಡೋಕೆ ಅಂತ ಯಾರೂ ಗೊರಿಲ್ಲಾಗೆ ಅರಿವಳಿಕೆ ಕೊಡುವುದಿಲ್ಲ, ಅದರಲ್ಲೇ ಅಪಾಯ ಇದೆ.

ಇನ್ನು ಬಸುರಿ ಹೊಟ್ಟೆ. ಗೊರಿಲ್ಲಾಗೆ ಮೊದಲೇ ಗುಡಾಣದಂಥ ಹೊಟ್ಟೆ. ದಿನವಿಡೀ ಸೊಪ್ಪುಸದೆ ತಿಂದು ಅರಗಿಸಬೇಕಲ್ಲ. ಒಳಗಿರುವ ಮರಿಯೋ ಎರಡು ಕೆಜಿ ಆಸುಪಾಸು, ಮನುಷ್ಯರ ಕೂಸಿಗಿಂತ ಸಣ್ಣದು. ಎಂಟೂವರೆ ತಿಂಗಳು ಹೊತ್ತರೂ ಹೊರಗೆ ಏನೂ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲೂ 'ಈ ಕಡಸು ಗಬ್ಬ ಇಲ್ಲ' ಅಂತ ಸಂತೆಗೆ ಹೊಡೆದುಕೊಂಡು ಹೋಗಿ, ದಾರಿಯಲ್ಲೇ ಈದು ಕರುವಿನ ಸಮೇತ ವಾಪಸ್ ಬಂದವರಿದ್ದಾರೆ.

ಲೇಬರ್ ವಾರ್ಡ್ ಸಿಸ್ಟರ್

ಡಾಕ್ಟರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗೊತ್ತಿದ್ದು ಕಾಯುವ ಜೂಗಳಲ್ಲಿ ಬಸುರು ಪರೀಕ್ಷೆ ಮಾಡೋದು ನಮ್ಮ ಮೆಡಿಕಲ್ ಶಾಪಲ್ಲಿ ಸಿಗುವ ಕಿಟ್‌ನಿಂದಲೇ! ಮೂತ್ರದಲ್ಲಿ ಬರುವ ಹಾರ್ಮೋನು ನಮ್ಮಂಥದ್ದೇ. ವಾಷಿಂಗ್ಟನ್‌ನ ರಾಷ್ಟ್ರೀಯ ಜೂನಲ್ಲಿ ಕಲಾಯಾ ಅನ್ನೋ ಗೊರಿಲ್ಲಾ ಬಸುರಿ ಅಂತ 2017ರಲ್ಲಿ ಖಾತ್ರಿ ಮಾಡಿಕೊಂಡಿದ್ದು ಹಾಗೇ. ಮಕ್ಕಳು ಸದ್ಯಕ್ಕೆ ಬೇಡ ಅಂದರೆ ಕೊಡುವ ಮಾತ್ರೆಯೂ ಬಹಳ ಕಡೆ ಹೆಂಗಸರ ಮಾತ್ರೆಯೇ.

ಹೆರಿಗೆ ಸಾಮಾನ್ಯವಾಗಿ ಸಲೀಸು. ಮರಿಯ ತಲೆ ಚಿಕ್ಕದು, ತಾಯಿಯ ಸೊಂಟದ ಮೂಳೆ ಅಗಲ. ನಮ್ಮ ಹಾಗೆ ರಾತ್ರಿಯಿಡೀ ನೋವು ತಿನ್ನುವ ಕಷ್ಟ ಅಪರೂಪ. ತಾನೇ ಹೆತ್ತು, ತಾನೇ ನೆಕ್ಕಿ ಒರೆಸಿ, ಮಾಸು ತಿಂದು ಮುಗಿಸುತ್ತದೆ. ಸೂಲಗಿತ್ತಿ ಬೇಡ.

ಬೇಕಾದಾಗ ಮಾತ್ರ ತುಂಬಾ ಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಜೂನಲ್ಲಿ 2016ರ ಫೆಬ್ರವರಿಯಲ್ಲಿ ಕೆರಾ ಅನ್ನುವವಳಿಗೆ ಬಿಪಿ ಏರುವ ಬಸುರಿನ ಕಾಯಿಲೆಯ ಲಕ್ಷಣ ಕಂಡಿತು. ನಮ್ಮ ವಾರ್ಡಿನಲ್ಲಿ ಇದನ್ನು ನೋಡದ ವಾರವಿಲ್ಲ. ಕಾಲು ಊತ, ತಲೆನೋವು, ಕಣ್ಣು ಮಂಜು, ಬಿಟ್ಟರೆ ಫಿಟ್ಸ್. ನಮ್ಮ ಬಸುರಿ 'ಸಿಸ್ಟರ್, ಕಣ್ಣು ಮಂಜಾಗ್ತಿದೆ' ಅನ್ನುತ್ತಾಳೆ. ಗೊರಿಲ್ಲಾ ಹೇಳೋದಿಲ್ಲವಲ್ಲ, ಸುಮ್ಮನೆ ಮೂಲೆ ಸೇರುತ್ತದೆ. ಅಲ್ಲಿ ಮನುಷ್ಯರ ಹೆರಿಗೆ ಡಾಕ್ಟರನ್ನೇ ಕರೆಸಿ ಸಿಸೇರಿಯನ್ ಮಾಡಿಸಿದರು. ಕೂಸು ಒಂದು ಕೆಜಿ ಚಿಲ್ಲರೆ, ಹೆಸರು ಆಫಿಯಾ. ಉಸಿರಿಗೆ ತಡಕಾಡಿದರೂ ಬದುಕಿತು. ಕೆರಾಗೆ ಮಾತ್ರ ಮಗು ನೋಡಿಕೊಳ್ಳುವ ಚೈತನ್ಯ ಬರಲಿಲ್ಲ. ಕೊನೆಗೆ ಗುಂಪಿನ ಹಿರಿಯಳು ರೊಮಿನಾ ಆ ಮಗುವನ್ನು ಎತ್ತಿಕೊಂಡಳು. ಈ ರೊಮಿನಾಗೆ ಒಂದು ಕಾಲದಲ್ಲಿ ಕಣ್ಣೇ ಕಾಣುತ್ತಿರಲಿಲ್ಲ, ಪೊರೆ ಆಪರೇಷನ್ ಮಾಡಿ ನೋಟ ತರಿಸಿದ್ದರು.

ಅಮೆರಿಕದ ಫೋರ್ಟ್ ವರ್ತ್ ಜೂನಲ್ಲೂ 2024ರ ಜನವರಿಯಲ್ಲಿ ಇದೇ ಕಾಯಿಲೆ, ಇದೇ ಸಿಸೇರಿಯನ್. ತಾಯಿ ಸೆಕಾನಿ ಮಗುವನ್ನು ಹತ್ತಿರ ಸೇರಿಸಲಿಲ್ಲ. ಆ ಮರಿ ಜಮೀಲಾಳನ್ನು ಸಾಕುತಾಯಿ ಹುಡುಕಿಕೊಂಡು ಕ್ಲೀವ್‌ಲ್ಯಾಂಡ್‌ಗೆ ಕರೆದೊಯ್ದರು. ಹಾಸನದಣ್ಣ, ಅದು ನಿಮ್ಮ ಓಹಾಯೋದಲ್ಲೇ.

ಓಹಾಯೋದ ಹಾಸನದವ

ಸಿಸ್ಟರ್, ಇದನ್ನು ಅಮ್ಮನಿಗೆ ಓದಿ ಹೇಳಿದೆ. "ನಮ್ಮೂರಲ್ಲಿ ನಿಂಗಮ್ಮಜ್ಜಿ ಮೂರು ಮನೆ ಕೂಸಿಗೆ ಹಾಲು ಕೊಟ್ಟಿದ್ದಳು" ಅಂದರು. ಆದರೆ ಸಿಸೇರಿಯನ್ ಆದ ತಾಯಿ ಮಗುವನ್ನು ಸೇರಿಸೋದೇ ಇಲ್ಲವಾ?

ಲೇಬರ್ ವಾರ್ಡ್ ಸಿಸ್ಟರ್

ಹಾಗೇನಿಲ್ಲ. ಸ್ಯಾನ್ ಡಿಯಾಗೋದಲ್ಲಿ 2014ರ ಮಾರ್ಚಿನಲ್ಲಿ ಇಮಾನಿಗೆ ಸಿಸೇರಿಯನ್ ಆಯಿತು. ಮಗುವಿಗೆ ನ್ಯುಮೋನಿಯಾ, ಶ್ವಾಸಕೋಶದ ತೊಂದರೆ. ಹನ್ನೆರಡು ದಿನ ತಾಯಿಯಿಂದ ದೂರ. ಹದಿಮೂರನೇ ದಿನ ಮಗುವನ್ನು ನೆಲದ ಮೇಲೆ ಬಿಟ್ಟು ತಾಯಿಯನ್ನು ಒಳಗೆ ಬಿಟ್ಟರು. ಬಂದವಳೇ ಎತ್ತಿಕೊಂಡಳು. ಒಬ್ಬೊಬ್ಬರದ್ದು ಒಂದೊಂದು ರೀತಿ. ನಮ್ಮಲ್ಲೂ ಹಾಗೇ ಅಲ್ವಾ?

ಜೂ ಹಿಂದಿನ ರಸ್ತೆ

ಹಾಸನದಣ್ಣ, ನಿಮ್ಮ ಅಮ್ಮನ ಪ್ರಶ್ನೆಗೆ ಉತ್ತರ ಅವರು ನಿಂತಿದ್ದ ಜಾಗದಲ್ಲೇ ಇದೆ. ನಾನು ಮೈಸೂರಿನವನು, ಜೂ ಗೋಡೆ ಪಕ್ಕ ಬೆಳೆದವನು. ಗೊರಿಲ್ಲಾ ಹುಚ್ಚು ಹಳೆಯದು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮನುಷ್ಯರ ಕೈಕೆಳಗೆ ಹುಟ್ಟಿದ ಮೊಟ್ಟಮೊದಲ ಗೊರಿಲ್ಲಾ ಹುಟ್ಟಿದ್ದೇ ಕೊಲಂಬಸ್ ಜೂನಲ್ಲಿ, 1956ರ ಡಿಸೆಂಬರ್ 22. ತಾಯಿ ಮಿಲ್ಲಿ, ತಂದೆ ಮಕೊಂಬೊ, ಎರಡೂ ಆಫ್ರಿಕಾದ ಕಾಡಿನಿಂದ ಹಿಡಿದು ತಂದವು. ಪಶುವೈದ್ಯ ಓದುತ್ತಾ ಅಲ್ಲೇ ಕೆಲಸ ಮಾಡುತ್ತಿದ್ದ ಹುಡುಗ ವಾರನ್ ಥಾಮಸ್ ಬೆಳಿಗ್ಗೆ ಬಂದು ನೋಡಿದರೆ ನೆಲದ ಮೇಲೆ ನೀರ್ಚೀಲ, ಅದರೊಳಗೆ ಕೂಸು. ಮಿಲ್ಲಿ ಮುಟ್ಟಿಯೂ ಇಲ್ಲ. ಆ ಹುಡುಗ ಅವಳನ್ನು ಪುಸಲಾಯಿಸಿ ಆಚೆ ಕಳಿಸಿ, ಚೀಲ ಹರಿದು, ಕೂಸಿನ ಬಾಯಿಗೆ ಬಾಯಿಟ್ಟು ಉಸಿರು ಊದಿದ. ಬದುಕಿತು. ಕೊಲಂಬಸ್, ಓಹಾಯೋ ಎರಡೂ ಸೇರಿಸಿ ಕೊಲೊ ಅಂತ ಹೆಸರಿಟ್ಟರು.

ಸಾಕಿದ್ದು ಮನುಷ್ಯರು. ಫ್ರಾಕು ತೊಡಿಸಿ, ಬಾಟಲಿ ಹಾಲು ಕುಡಿಸಿ. ಮುದ್ದಾಗಿತ್ತು, ನಿಜ. ಆದರೆ ಕೊಲೊಗೆ ಮೂರು ಮಕ್ಕಳಾದವು, ಒಂದನ್ನೂ ತಾನು ಸಾಕಲಿಲ್ಲ. ಅವನ್ನೂ ಮನುಷ್ಯರೇ ಬೆಳೆಸಿದರು. ತನ್ನ ತಾಯಿಯ ಎದೆ ಮೇಲೆ ಒಂದು ದಿನವೂ ಮಲಗದವಳು, ಬೇರೊಬ್ಬಳು ಹಾಲೂಡಿಸಿದ್ದನ್ನು ನೋಡದವಳು ಏನು ಮಾಡಿಯಾಳು?

ಈಗ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬನ್ನಿ. 1959ರಲ್ಲಿ ಅಖಿಲ್ಲಾ ಅನ್ನೋಳು ಯೂರೋಪಿನ ಮೊದಲ ಗೊರಿಲ್ಲಾ ಮರಿ ಗೋಮಾಳನ್ನು ಹೆತ್ತಳು. ಎದೆಗೆ ಹಾಕಿಕೊಳ್ಳಲು ಬರಲಿಲ್ಲ. ಜೂ ನಿರ್ದೇಶಕರು ಗೋಮಾಳನ್ನು ತಮ್ಮ ಮನೆಗೇ ಒಯ್ದು ಸಾಕಿದರು. 1961ರಲ್ಲಿ ಅಖಿಲ್ಲಾಗೆ ಎರಡನೇ ಮರಿ ಜಾಂಬೊ. ಈ ಸಲ ತಾನೇ ಎತ್ತಿ, ತಾನೇ ಹಾಲು ಕೊಟ್ಟು ಬೆಳೆಸಿದಳು! ಜೂನಲ್ಲಿ ತಾಯಿ ಕೈಯಲ್ಲೇ ಬೆಳೆದ ಮೊದಲ ಗೊರಿಲ್ಲಾ ಅವನು. ಮುಂದೆ 1986ರಲ್ಲಿ ಜರ್ಸಿ ಜೂನಲ್ಲಿ ಐದು ವರ್ಷದ ಹುಡುಗನೊಬ್ಬ ಆವರಣದೊಳಗೆ ಬಿದ್ದು ಎಚ್ಚರ ತಪ್ಪಿದಾಗ, ಬೇರೆ ಗೊರಿಲ್ಲಾಗಳಿಗೂ ಹುಡುಗನಿಗೂ ನಡುವೆ ಕಾವಲು ನಿಂತು ಬೆನ್ನು ಸವರಿದ್ದು ಇದೇ ಜಾಂಬೊ.

ಕೊಲೊ ವಿಷಯಕ್ಕೆ ವಾಪಸ್. ಮಕ್ಕಳನ್ನು ಸಾಕದವಳು ಮುಂದೆ ಮೊಮ್ಮಗ ಜೆಜೆಯನ್ನು ಹುಟ್ಟಿದಾಗಿನಿಂದ ತಾನೇ ಸಾಕಿದಳು. ಅಜ್ಜಿಯಾದ ಮೇಲೆ ತಾಯಿಯಾದಳು ನೋಡಿ. 2017ರಲ್ಲಿ ಸತ್ತಾಗ ಅವಳಿಗೆ 60. ಹದಿನಾರು ಮೊಮ್ಮಕ್ಕಳು, ಹನ್ನೆರಡು ಮರಿಮಕ್ಕಳು, ಅದರ ಕೆಳಗೆ ಇನ್ನೂ ಮೂರು.

ತಿಪಟೂರು ಪಶುವೈದ್ಯ

ಒಳ್ಳೆಯ ಮಾತು. ಚೊಚ್ಚಲು ಹಸು ಎಷ್ಟೋ ಸಲ ಕರುವನ್ನು ಒದೆಯುತ್ತದೆ. ಎರಡನೇ ಸಲ ಅದೇ ಹಸು ಕರು ಮುಟ್ಟಲು ಬಿಡುವುದಿಲ್ಲ. ಆದರೆ ಹಸುವಿಗೆ ಕರು ತಾನಾಗಿ ಎದ್ದು ಕೆಚ್ಚಲು ಹುಡುಕುತ್ತದೆ. ಗೊರಿಲ್ಲಾ ಮರಿಗೆ ಅದಾಗದು, ತಾಯಿಯೇ ಸರಿಯಾದ ಜಾಗಕ್ಕೆ ಎತ್ತಿ ಹಿಡಿಯಬೇಕು. ಅಲ್ಲೇ ಎಡವಟ್ಟಾಗೋದು. ಪ್ರೀತಿ ಇರುತ್ತದೆ, ಹಿಡಿಯುವುದು ಬರುವುದಿಲ್ಲ.

ಡಬ್ಲಿನ್ ಮಳೆ

ನಿಮ್ಮ ಕೊನೆ ಸಾಲು ನೋಡಿ ಬರೆಯಲೇಬೇಕು ಅನಿಸಿತು ಸರ್. ನಮ್ಮ ಡಬ್ಲಿನ್ ಜೂನಲ್ಲಿ 2024ರಲ್ಲಿ ಆದದ್ದು ಅದೇ. ಗೊರಿಲ್ಲಾ ಅಲ್ಲ, ಒರಾಂಗುಟಾನ್ ಅನ್ನೋ ಇನ್ನೊಂದು ದೊಡ್ಡ ವಾನರ. ಮುಜುರ್ ಅಂತ 19 ವರ್ಷದ ಹೆಣ್ಣು. ಹಿಂದೆ ಹೆತ್ತ ಮಕ್ಕಳು ಸರಿಯಾದ ಆರೈಕೆ ಇಲ್ಲದೆ ಉಳಿದಿರಲಿಲ್ಲ. ಮತ್ತೆ ಬಸುರಾದಾಗ ಜೂನವರು ಏನು ಮಾಡಿದರು ಗೊತ್ತಾ? ಎದೆಹಾಲು ಕುಡಿಸುವ ತಾಯಂದಿರನ್ನು ಕರೆಸಿದರು. ಮೂವತ್ತರಷ್ಟು ಹೆಂಗಸರು ಸರದಿ ಪ್ರಕಾರ ಬಂದು, ಗಾಜಿನ ಈಚೆ ಕೂತು, ತಮ್ಮ ಕೂಸಿಗೆ ಹಾಲು ಕೊಟ್ಟು ತೋರಿಸಿದರು. ಮುಜುರ್ ಆಸಕ್ತಿಯಿಂದ ನೋಡುತ್ತಿದ್ದಳಂತೆ. ಒರಾಂಗುಟಾನ್‌ಗಳು ಹಾಲೂಡಿಸುವ ವಿಡಿಯೋ ಕೂಡ ಹಾಕಿ ತೋರಿಸಿದ್ದರು.

ಆಗ ನನಗೂ ಆರು ತಿಂಗಳ ಮಗ. ನನ್ನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಇದೇ ಸುದ್ದಿ. ನಾನು ಹೋಗಲಿಲ್ಲ, ನಾಚಿಕೆ ಆಯಿತು. ಈಗ ಹೋಗಬೇಕಿತ್ತು ಅನ್ನಿಸುತ್ತೆ.

ಜುಲೈನಲ್ಲಿ ಮಗು ಹುಟ್ಟಿತು. ಈ ಸಲ ಮುಜುರ್ ಎತ್ತಿಕೊಂಡಳು, ಎದೆಗೂ ಒತ್ತಿಕೊಂಡಳು. ಆದರೆ ಹಾಲು ಕುಡಿಯುವ ಹಾಗೆ ಹಿಡಿಯಲು ಮಾತ್ರ ಬರಲಿಲ್ಲ. ಕೊನೆಗೆ ಬಾಟಲಿ ಹಾಲು ಶುರು ಮಾಡಿ, ಮರಿಯನ್ನು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಮಂಕಿ ವರ್ಲ್ಡ್‌ಗೆ ಕಳಿಸಿದರು. ಪೂರ್ತಿ ಗೆಲುವಲ್ಲ, ಪೂರ್ತಿ ಸೋಲೂ ಅಲ್ಲ.

ಬೇಲಿ ಆಚೆ

ಎಲ್ಲರೂ ಮುದ್ದು ಮುದ್ದು ಅಂತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ. ಕಾಡಿನಲ್ಲಿದ್ದ ಮಿಲ್ಲಿಯನ್ನು ಹಿಡಿದು ತಂದು, ಅವಳ ಮಗಳಿಗೆ ಫ್ರಾಕು ಹಾಕಿ, ಆಮೇಲೆ 'ಅಯ್ಯೋ ಇವಕ್ಕೆ ತಾಯ್ತನ ಮರೆತುಹೋಗಿದೆ' ಅಂತ ಪಾಠ ಹೇಳಿಕೊಡೋದು ಯಾವ ನ್ಯಾಯ? ಮರೆಸಿದ್ದು ನಾವೇ ಅಲ್ವಾ?

ಜೂ ಹಿಂದಿನ ರಸ್ತೆ

ಹೌದು, ಮರೆಸಿದ್ದು ನಾವೇ. ಅದರಲ್ಲಿ ವಾದ ಇಲ್ಲ. ಆದರೆ ಈಗ ಜೂಗಳಲ್ಲಿರುವವು ಹೆಚ್ಚಿನವು ಜೂನಲ್ಲೇ ಹುಟ್ಟಿದವು. ಅವನ್ನು ಗಬಾನ್ ಕಾಡಿಗೆ ಬಿಟ್ಟು ಬರೋಣ ಅಂದರೆ ಅಷ್ಟು ಸುಲಭವೂ ಅಲ್ಲ. ತಗ್ಗುನಾಡಿನ ಪಶ್ಚಿಮ ಗೊರಿಲ್ಲಾ ಕಾಡಿನಲ್ಲೇ ಅಳಿವಿನ ಅಂಚಿನಲ್ಲಿದೆ, ಬೇಟೆ ಮತ್ತು ಎಬೋಲಾ ಎರಡೂ ತಿಂದುಹಾಕಿವೆ. ಇರುವವಕ್ಕೆ ಗೊರಿಲ್ಲಾ ಹಾಗೆ ಬದುಕಲು ಬಿಡೋದು ಹೇಗೆ ಅನ್ನೋದು ಉಳಿದಿರೋ ಪ್ರಶ್ನೆ.

ಈಗ ಮರಿಯನ್ನು ಮನುಷ್ಯರ ಮನೆಗೆ ಒಯ್ಯುವುದಿಲ್ಲ. ಸಿನ್ಸಿನಾಟಿಯಲ್ಲಿ 2013ರಲ್ಲಿ ಗ್ಲಾಡಿಸ್ ಅನ್ನೋ ಮರಿಯನ್ನು ಟೆಕ್ಸಾಸ್‌ನಿಂದ ತಂದರು, ಅಲ್ಲಿ ತಾಯಿ ಸೇರಿಸಿರಲಿಲ್ಲ. ಕೀಪರ್‌ಗಳು ಕಪ್ಪು ಕೂದಲಿನ ಜಾಕೆಟ್ ತೊಟ್ಟು, ಮಂಡಿಗೆ ಪ್ಯಾಡ್ ಕಟ್ಟಿಕೊಂಡು, ಅವಳನ್ನು ಬೆನ್ನ ಮೇಲೆ ಹೊತ್ತು ನಾಲ್ಕು ಕಾಲಲ್ಲಿ ನಡೆದರು. ಗೊರಿಲ್ಲಾ ಹಾಗೆ ಗಂಟಲಲ್ಲೇ ಗುರುಗುಟ್ಟಿದರು. ಹಗಲೂ ರಾತ್ರಿ, ಬೇರೆ ಗೊರಿಲ್ಲಾಗಳು ಕಾಣುವ ಜಾಗದಲ್ಲೇ. ಆಮೇಲೆ ಎಂಲಿಂಜಿ ಅನ್ನೋ ಹಿರಿಯಳ ಮಡಿಲಿಗೆ ಹಾಕಿದರು.

ತಲೆಹರಟೆ

ಆ ಕೀಪರ್ ಕೆಲಸಕ್ಕೆ ಅರ್ಜಿ ಎಲ್ಲಿ ಹಾಕೋದು? ನಮ್ಮ ಮನೇಲಿ ಮಗನನ್ನು ಬೆನ್ನ ಮೇಲೆ ಹೊತ್ತು ಆನೆ ಆಟ ಆಡಿ ಅನುಭವ ಇದೆ. ಗುರುಗುಟ್ಟೋದು ಹೆಂಡತಿ ಕಲಿಸಿದ್ದಾಳೆ.

ಡಬ್ಲಿನ್ ಮಳೆ

ಅಪ್ಪ ಗೊರಿಲ್ಲಾ ಪಾತ್ರ ಏನು? ಇಲ್ಲಿ ನೋಡಿದಾಗಲೆಲ್ಲ ಸುಮ್ಮನೆ ಕೂತು ಲೀಕ್ ಸೊಪ್ಪು ತಿನ್ನುತ್ತಿರುತ್ತದೆ.

ತಿಪಟೂರು ಪಶುವೈದ್ಯ

ಅದು ಕೂತಿರೋದೇ ಕೆಲಸ, ಅಕ್ಕ! ಬೆಳ್ಳಿಬೆನ್ನಿನ ಯಜಮಾನ ಮರಿ ಎತ್ತುವುದು ಕಡಿಮೆ. ಆದರೆ ಹೆಣ್ಣುಗಳ ಜಗಳಕ್ಕೆ ಮಧ್ಯೆ ಬರೋದು ಅವನೇ. ಮರಿಗಳು ಅವನ ಹೊಟ್ಟೆ ಮೇಲೆ ಹತ್ತಿ ಜಾರುಬಂಡೆ ಆಡಿದರೂ ಸಹಿಸಿಕೊಳ್ಳುತ್ತಾನೆ. ಮರಿಯ ಹಿಂಭಾಗದಲ್ಲಿ ಒಂದು ಬಿಳಿ ಕೂದಲ ಗೊಂಚಲು ಇರುತ್ತದೆ, ಗಮನಿಸಿದ್ದೀರಾ? ನಾಲ್ಕು ವರ್ಷದ ತನಕ ಇರುತ್ತೆ. 'ಇದಿನ್ನೂ ಎಳೆಗೂಸು' ಅಂತ ಗುಂಪಿಗೆಲ್ಲ ಗೊತ್ತಾಗುವ ಗುರುತು ಅಂತಾರೆ. ತಾಯಿ ಮುಂದಿನ ಮರಿ ಮಾಡುವುದೂ ಹೆಚ್ಚುಕಮ್ಮಿ ನಾಲ್ಕು ವರ್ಷಕ್ಕೇ. ಹಾಲು ಬಿಡುವ ತನಕ ಮತ್ತೆ ಬೆದೆಗೆ ಬರೋದಿಲ್ಲ.

ಯಜಮಾನ ಸತ್ತರೆ ಮಾತ್ರ ಕಷ್ಟ. ಕಾಡಿನಲ್ಲಿ ಹೊಸ ಗಂಡು ಬಂದು ಹಳಬನ ಹಾಲುಕುಡಿಯುವ ಮರಿಗಳನ್ನು ಕೊಲ್ಲುವುದುಂಟು. ಜೂಗಳಲ್ಲಿ ಗಂಡನ್ನು ಬದಲಿಸುವಾಗ ತಿಂಗಳುಗಟ್ಟಲೆ ಜಾಲರಿ ಆಚೆಯಿಂದ ಪರಿಚಯ ಮಾಡಿಸುವುದು ಅದಕ್ಕೇ.

ಮಂಡ್ಯ ಗಾಡಿ

ನಮ್ಮ ಮೈಸೂರು ಜೂನಲ್ಲೂ ಎರಡು ಗೊರಿಲ್ಲಾ ಇದಾವಲ್ಲ, ಮರಿ ಯಾವಾಗ?

ಜೂ ಹಿಂದಿನ ರಸ್ತೆ

ಇದನ್ನೇ ಪ್ರತಿ ಸಲ ಬೇಲಿ ಹತ್ತಿರ ಯಾರಾದರೂ ಕೇಳುತ್ತಾರೆ. ಮಂಡ್ಯದಣ್ಣ, ಥಾಬೊ, ಡೆಂಬಾ ಎರಡೂ ಗಂಡು! 2021ರಲ್ಲಿ ಜರ್ಮನಿಯಿಂದ ಬಂದಾಗ ಒಬ್ಬನಿಗೆ 14, ಇನ್ನೊಬ್ಬನಿಗೆ 8. ಮನೆ ಕಟ್ಟಿಸಲು ಇನ್ಫೋಸಿಸ್ ಫೌಂಡೇಶನ್ ದುಡ್ಡು ಕೊಟ್ಟಿತು.

ಎರಡೂ ಗಂಡು ಯಾಕೆ ಅಂದರೆ ಲೆಕ್ಕ ಸರಳ. ಒಂದು ಗುಂಪಿಗೆ ಒಬ್ಬನೇ ಯಜಮಾನ, ಮೂರು ನಾಲ್ಕು ಹೆಣ್ಣು. ಆದರೆ ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಉಳಿದ ಗಂಡುಗಳು ಎಲ್ಲಿಗೆ ಹೋಗಬೇಕು? ಅದಕ್ಕೇ ಬ್ರಹ್ಮಚಾರಿ ಗುಂಪುಗಳು. ಯಾವ ಹೆಣ್ಣು ಯಾವ ಜೂಗೆ, ಯಾರಿಗೆ ಈ ವರ್ಷ ಮಾತ್ರೆ ನಿಲ್ಲಿಸಬೇಕು ಅಂತೆಲ್ಲ ಯೂರೋಪಿನ ಜೂಗಳು ಒಟ್ಟಿಗೆ ವಂಶಾವಳಿ ಪುಸ್ತಕ ಇಟ್ಟು ತೀರ್ಮಾನ ಮಾಡುತ್ತವೆ. ನಮ್ಮಲ್ಲಿ ಜಾತಕ ನೋಡಿದ ಹಾಗೆ, ಸಗೋತ್ರ ಆಗಬಾರದು.

ನನಗೆ ಇವರಿಬ್ಬರನ್ನು ನೋಡಿದರೆ ಖುಷಿಯೇ. ಯಾಕೆಂದರೆ ನಾನು ಪೋಲೋನನ್ನು ನೋಡಿದವನು. 1995ರಲ್ಲಿ ಬಂದ. ಎಲ್ಲಿಂದ ಗೊತ್ತಾ? ಡಬ್ಲಿನ್ ಮಳೆಯವರೇ, ನಿಮ್ಮ ಜೂನಿಂದ! ಇಡೀ ದೇಶಕ್ಕೆ ಒಬ್ಬನೇ ಗೊರಿಲ್ಲಾ ಆಗಿ ವರ್ಷಗಟ್ಟಲೆ ಇದ್ದ. ಜೋಡಿ ಹುಡುಕಿದರು, ಸಿಗಲಿಲ್ಲ. 2014ರಲ್ಲಿ ಒಂಟಿಯಾಗೇ ಹೋದ. ನಾನು ಕಾಲೇಜಿನಿಂದ ಬರುವಾಗ ಒಳಗೆ ಹೋಗಿ ನಿಲ್ಲುತ್ತಿದ್ದೆ. ಅವನು ಬೆನ್ನು ಹಾಕಿ ಕೂತಿರುತ್ತಿದ್ದ. ಹೊರಗಿನ ಹುಡುಗರು ಎದೆ ಬಡಿದುಕೊಂಡು ಕೂಗುತ್ತಿದ್ದರು. ಒಂದು ಸಲವೂ ತಿರುಗಲಿಲ್ಲ.

ಹೋದ ತಿಂಗಳು ಮಗಳ ಜೊತೆ ಹೋಗಿದ್ದೆ. ಥಾಬೊ ಏನೋ ಸೊಪ್ಪಿನ ಕಟ್ಟು ಎಳೆದುಕೊಂಡು ಹೋಗುತ್ತಿದ್ದ. ಡೆಂಬಾ ಹಿಂದಿನಿಂದ ಒಂದೊಂದೇ ಕಡ್ಡಿ ಹಿರಿದುಕೊಳ್ಳುತ್ತಿದ್ದ, ಅಣ್ಣ ನೋಡದ ಹಾಗೆ.

ಡಬ್ಲಿನ್ ಮಳೆ

ಪೋಲೋ ಇಲ್ಲಿಂದ ಹೋದವನು ಅಂತ ಗೊತ್ತೇ ಇರಲಿಲ್ಲ. ಚಿಕ್ಕವಳಿದ್ದಾಗ ದಸರಾ ರಜೆಯಲ್ಲಿ ಅವನನ್ನು ನೋಡಿದ್ದೇನೆ ಸರ್. ಎದೆ ಬಡಿದುಕೊಂಡ ಮಕ್ಕಳಲ್ಲಿ ನಾನೂ ಇದ್ದೆ.

ಬೇಲಿ ಆಚೆ

ನಾನು ವಾದ ಬಿಟ್ಟಿಲ್ಲ. ಆದರೆ ಆ ಕಡ್ಡಿ ಕದ್ದ ವಿಡಿಯೋ ಇದ್ದರೆ ಹಾಕಿ.

ಓಹಾಯೋದ ಹಾಸನದವ

ಎಲ್ಲರಿಗೂ ಥ್ಯಾಂಕ್ಸ್. ಇಡೀ ಚರ್ಚೆ ಅಮ್ಮನಿಗೆ ಓದಿ ಹೇಳಲು ಎರಡು ರಾತ್ರಿ ಬೇಕಾಯಿತು. ಕೊಲೊ ಮೊಮ್ಮಗನನ್ನು ಸಾಕಿದಳು ಅನ್ನೋ ಕಡೆ ನಿಲ್ಲಿಸಿ, "ಮೊದಲ ಸಲ ನಾನೂ ನಿನ್ನನ್ನ ಕೆಡವಿಬಿಟ್ಟಿದ್ದೆ ಕಣೋ, ನಿಮ್ಮಜ್ಜಿ ಹಿಡ್ಕೊಂಡರು" ಅಂದರು. ಮೂವತ್ತನಾಲ್ಕು ವರ್ಷ ಯಾರೂ ನನಗೆ ಇದನ್ನು ಹೇಳಿರಲಿಲ್ಲ!

ಊರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಜೂಗೆ ಹೋಗಬೇಕಂತೆ. ಆ ಮರಿ ಅಷ್ಟೊತ್ತಿಗೆ ತಾಯಿ ಬೆನ್ನು ಹತ್ತಿರುತ್ತಾ ಅಂತ ದಿನಾ ಕೇಳುತ್ತಾರೆ. ಮೂರು ನಾಲ್ಕು ತಿಂಗಳಿಗೆ ಹತ್ತುತ್ತವೆ ಅಂತ ಓದಿದೆ, ನೋಡೋಣ. ಅಂದ ಹಾಗೆ, ಹೋದ ಸಲ ನಮ್ಮ ಸ್ಟ್ರಾಲರ್ ಚಕ್ರ ಮುರಿಯಿತು. ಕೊಲಂಬಸ್ ಕಡೆ ಯಾರ ಹತ್ತಿರವಾದರೂ ಹಳೆಯದು ಇದ್ದರೆ ಇನ್‌ಬಾಕ್ಸ್ ಮಾಡಿ, ಶನಿವಾರದೊಳಗೆ ಬೇಕು.